ಕೊಳವೆ ಸಜ್ಜಿಗೆಯ ಪೋಷಕಾಂಶ

ಕಳೆದ ಜೂನ್ ಹನ್ನೆರಡರಂದು ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಬಂಟ್ವಾಳದ ಒಂದು ಕ್ಲಿನಿಕ್‌ನಲ್ಲಿ ನನ್ನ ಅಮ್ಮನನ್ನು ತೂಕ ಮಾಡಲಾಯಿತು. ಮೂವತ್ತೆಂಟು ಕಿಲೋ ಮುನ್ನೂರು ಗ್ರಾಂ. ಚಪ್ಪಲಿಯನ್ನು ಹೊರಗೇ ಬಿಟ್ಟಿದ್ದರು. ಸೊಂಟದ ಬೀಗದ ಕೈ ಗೊಂಚಲನ್ನು ತೆಗೆಸಲು ವೈದ್ಯೆ ನೋಡಿದರು, ಅಮ್ಮ ಕೊಡಲಿಲ್ಲ. ಆದ್ದರಿಂದ ಮೇಲಿನ ಅಂಕಿಯಲ್ಲಿ ಮೂರು ಬೀಗದ ಕೈಗಳ ತೂಕವೂ ಸೇರಿದೆ.

ಅಮ್ಮನಿಗೆ ಎಂಬತ್ತೊಂದು ವರ್ಷ. ಏಪ್ರಿಲ್‌ನಲ್ಲಿ ಒಂದು ವಾರ ಜ್ವರ ಬಂದಿತ್ತು. ಹೋಗುವಾಗ ಅದು ಹಸಿವನ್ನೂ ಕರೆದುಕೊಂಡು ಹೋಯಿತು. ಹುಟ್ಟಿದಾಗಿನಿಂದ ಮೂರು ಹೊತ್ತೂ ಕುಚ್ಚಲಕ್ಕಿ ಉಂಡವರು ಈಗ ತಟ್ಟೆಯ ಮುಂದೆ ಕೂತು, ಎರಡು ತುತ್ತು ಬಾಯಿಗಿಟ್ಟು, ಗಂಜಿಯ ತಿಳಿ ಕುಡಿದು, "ಗಂಟಲಲ್ಲಿ ಇಳಿಯುವುದಿಲ್ಲ" ಎಂದು ಎದ್ದುಬಿಡುತ್ತಿದ್ದರು. ರಕ್ತ, ಮೂತ್ರ, ಎದೆಯ ಚಿತ್ರ ಎಲ್ಲ ಪರೀಕ್ಷೆಯೂ ಆಯಿತು. ರೋಗವೊಂದೂ ಸಿಗಲಿಲ್ಲ. ಸಿಕ್ಕಿದ್ದರೆ ಮದ್ದು ಕೊಡಬಹುದಿತ್ತು ಎಂಬ ಬೇಸರ ವೈದ್ಯೆಯ ಮುಖದಲ್ಲಿತ್ತು.

"ಅಜ್ಜೀ, ಹೀಗೆ ಉಣ್ಣದೆ ಕೂತ್ರೆ ಆಗುದಿಲ್ಲ" ಎಂದರು ಅವರು. "ಮೂವತ್ತೇಳಕ್ಕಿಂತ ಕೆಳಗೆ ಇಳಿದ್ರೆ ಅಡ್ಮಿಟ್ ಮಾಡ್ಬೇಕಾಗ್ತದೆ. ಮತ್ತೆ ಮೂಗಿಗೆ ಪೈಪು ಹಾಕಿಯೇ ಊಟ."

"ಮೂಗಿನಿಂದ ಉಣ್ಣುವುದಾ?" ಅಮ್ಮ ನನ್ನ ಕಡೆ ತಿರುಗಿದರು. "ನಾನು ಎಂತ ಆನೆಯಾ?"

ವೈದ್ಯೆ ನಕ್ಕರು, ನಾನೂ ನಕ್ಕೆ. ಅಮ್ಮ ನಗಲಿಲ್ಲ. ರಿಕ್ಷಾ ಕಲ್ಲಡ್ಕದ ನಮ್ಮ ಮನೆ ತಲುಪುವವರೆಗೂ ಸೆರಗಿನ ತುದಿಯಿಂದ ಮೂಗು ಮುಚ್ಚಿಕೊಂಡೇ ಕೂತಿದ್ದರು. ಹೆದ್ದಾರಿಯ ಧೂಳಿಗೆ ಇರಬೇಕೆಂದು ಮೊದಲು ಭಾವಿಸಿದೆ. ಆದರೆ ಬೆಳಗಿನಿಂದ ಮಳೆ ಹೊಯ್ಯುತ್ತಿತ್ತು, ಧೂಳೇ ಇರಲಿಲ್ಲ. ಇಳಿಯುವಾಗ ಹೇಳಿದರು: "ಪೈಪು ಹಾಕಲಿಕ್ಕೆ ಮಾತ್ರ ಬಿಡಬೇಡ ಮಗಾ." ಆಯಿತು ಎಂದೆ. ಪೈಪಿಗೂ ಅಮ್ಮನಿಗೂ ನಡುವೆ ಅಂದು ಉಳಿದಿದ್ದ ಅಂತರ ಒಂದು ಕಿಲೋ ಮುನ್ನೂರು ಗ್ರಾಂ, ಬೀಗದ ಕೈ ಸೇರಿ.

ಒಂದು ಸ್ಪಷ್ಟನೆ. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಬರುವ ಮನೆಯ ಮಾತುಗಳನ್ನೆಲ್ಲ ಕನ್ನಡಕ್ಕೆ ತಂದವನು ನಾನು. ರುಚಿ ಕೆಟ್ಟಿದ್ದರೆ ಹೊಣೆಯೂ ನನ್ನದೇ. ಇನ್ನೊಂದು ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ. ನಾನು ಮೂವತ್ತೊಂದು ವರ್ಷ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಬೇರೆಯವರು ತಂದ ವರದಿಗಳನ್ನು ತಿದ್ದಿದವನು. ಯಾರು ಹೇಳಿದರು, ಎಲ್ಲಿ, ಎಷ್ಟು ಗಂಟೆಗೆ, ನೀನು ಕಣ್ಣಾರೆ ನೋಡಿದೆಯಾ ಎಂದು ಕೇಳಿ ಕೇಳಿ ಎಷ್ಟೋ ಹೊಸ ವರದಿಗಾರರನ್ನು ಗೋಳು ಹೊಯ್ದುಕೊಂಡಿದ್ದೇನೆ. ಈ ಅಭ್ಯಾಸ ನಿವೃತ್ತಿಯ ಜೊತೆ ಹೋಗಲಿಲ್ಲ. ಅಮ್ಮನ ತೂಕದ ಸಂಗತಿ ಗಂಭೀರವಾದದ್ದೇ ಒಂದು ಹಳೆಯ ಡೈರಿ ತೆಗೆದು ದಿನವೂ ಬರೆಯತೊಡಗಿದೆ. "ಜೂನ್ ಹದಿಮೂರು. ಬೆಳಿಗ್ಗೆ: ತಿಳಿ, ಅರ್ಧ ಲೋಟ. ಮಧ್ಯಾಹ್ನ: ಅನ್ನ, ಎರಡು ತುತ್ತು. ಸಂಜೆ: ಊಟ ಇಲ್ಲ. ಮೂಲ: ಅಮ್ಮ."

ಇದಕ್ಕೆ ಪರಿಹಾರವನ್ನೂ ನಾನೇ ಕಂಡುಹಿಡಿದೆ. ಆರೋಗ್ಯ ಪುರವಣಿಗೆ ಬಂದ ನೂರಾರು ಲೇಖನಗಳನ್ನು ತಿದ್ದಿದ ಅನುಭವದಿಂದ ಮೊಳಕೆ ಬಂದ ಹೆಸರುಕಾಳನ್ನು ಗಂಜಿಗೆ ಹಾಕಿ ಬೇಯಿಸಲು ನನ್ನ ಹೆಂಡತಿ ಸುಮತಿಗೆ ಸೂಚಿಸಿದೆ. ಅಮ್ಮ ಬಟ್ಟಲನ್ನು ನೋಡಿ, "ಇದು ಎಂತದು? ಗಂಜಿ ಗಿಡ ಬಿಟ್ಟಿದೆಯಾ?" ಎಂದು ಕೇಳಿದರು. ಎರಡು ತುತ್ತು ಉಂಡರು. ಎರಡು ತುತ್ತು ಎಂದು ಬರೆದುಕೊಂಡೆ.

ಮುಂದಿನ ಸೋಮವಾರ ಸಂಜೆ ಸುಮತಿ ಪೇಟೆಯಿಂದ ಒಂದು ಪ್ಯಾಕೆಟ್ ತಂದಳು. ಸೋಮವಾರ ಅಮ್ಮನಿಗೆ ಒಪ್ಪೊತ್ತು. ಮಧ್ಯಾಹ್ನ ಒಮ್ಮೆ ಮಾತ್ರ ಅನ್ನ. ಸಂಜೆ ಅಕ್ಕಿಯದ್ದು ಮುಟ್ಟುವ ಹಾಗಿಲ್ಲ, ರವೆಯ ಸಜ್ಜಿಗೆಯೋ, ಎಂದರೆ ಉಪ್ಪಿಟ್ಟೋ, ಮತ್ತೊಂದೋ ಆಗಬಹುದು. ಮೀನು, ನೀರುಳ್ಳಿ, ಬೆಳ್ಳುಳ್ಳಿ ಮೂರೂ ಇಲ್ಲ. ಬೇರೆ ಆರು ದಿನ ಮೀನು ಬೇಯುವ ನಮ್ಮ ಅಡಿಗೆಮನೆ ಆ ದಿನ ಮಾತ್ರ ಬಹಳ ಗಂಭೀರವಾಗಿರುತ್ತದೆ.

"ಇದೆಂತ?" ಎಂದೆ.

"ಪಾಸ್ತಾ. ವೆಜ್. ಹಮೀದಾಕನ ಅಂಗಡಿಯಲ್ಲಿ ಬಂದಿತ್ತು. ಮಾಮಿಗೆ ಕೊಟ್ಟು ನೋಡುವ ಅಂತ. ಮೆತ್ತಗೆ ಇರ್ತದೆ, ಜಾರ್ತದೆ."

"ಯಾವುದರದ್ದು ಅದು?" ಅಮ್ಮ ಒಳಗಿನಿಂದ ಕೇಳಿದರು.

"ಗೋಧಿ ರವೆಯದ್ದೇ ಮಾಮೀ. ಸಜ್ಜಿಗೆ ಅಂತಲೇ ಲೆಕ್ಕ. ಕೊಳವೆ ಕೊಳವೆ ಮಾಡಿದ್ದಾರೆ ಅಷ್ಟೆ."

"ಕೊಳವೆ ಸಜ್ಜಿಗೆಯಾ?" ಅಮ್ಮನ ಧ್ವನಿಯಲ್ಲಿ ಎರಡು ತಿಂಗಳಿಂದ ಕೇಳದಿದ್ದ ಕುತೂಹಲವಿತ್ತು. ಅದನ್ನು ಗಮನಿಸಬೇಕಿದ್ದವನು ನಾನು. ಆದರೆ ಅಷ್ಟರಲ್ಲಿ ನನ್ನ ಗಮನ ಪ್ಯಾಕೆಟ್‌ನ ಹಿಂಬದಿಯ ಸಣ್ಣ ಅಕ್ಷರಗಳ ಮೇಲಿತ್ತು.

ಸಣ್ಣ ಅಕ್ಷರ ಕಂಡರೆ ಓದದೆ ಬಿಡುವುದು ನನ್ನಿಂದ ಆಗುವುದಿಲ್ಲ. ಈ ಚಾಳಿಯ ಮೂಲ ಬೆಳ್ತಂಗಡಿ ಕಡೆಯ ನಮ್ಮ ಪ್ರಾಥಮಿಕ ಶಾಲೆಯಲ್ಲಿದೆ. ಆಗ ಶಾಲೆಯಲ್ಲಿ ಮಧ್ಯಾಹ್ನ ಕೆಂಪು ಗೋಧಿ ರವೆಯ ಸಜ್ಜಿಗೆ ಕೊಡುತ್ತಿದ್ದರು. ರವೆ ಬರುತ್ತಿದ್ದ ಚೀಲದ ಮೇಲೆ ನಮಗೆ ಅರ್ಥವಾಗದ ಭಾಷೆಯಲ್ಲಿ ಏನೇನೋ ಅಚ್ಚಾಗಿರುತ್ತಿತ್ತು. ಖಾಲಿ ಚೀಲವನ್ನು ಕೊಡವಿ ಮಡಚಿಡುವ ಕೆಲಸ ನನ್ನದು. ಮಡಚುವ ಮೊದಲು ಪ್ರತಿ ಅಕ್ಷರವನ್ನೂ ಬೆರಳಿಟ್ಟು ನೋಡುತ್ತಿದ್ದೆ. ಒಂದು ಅಕ್ಷರವೂ ತಿಳಿಯದಿದ್ದರೂ ಅದರಲ್ಲಿ ಮಹತ್ವದ್ದೇನೋ ಇದೆಯೆಂದು ನಂಬಿದ್ದೆ. ಸಜ್ಜಿಗೆಗೆ ಸಾಸಿವೆ ಬಿಟ್ಟರೆ ಬೇರೆ ಒಗ್ಗರಣೆ ಇರಲಿಲ್ಲ. ಎರಡು ತಟ್ಟೆ ತಿಂದು, ಒಂದೂವರೆ ಮೈಲಿ ನಡೆದು ಮನೆಗೆ ಬಂದರೆ ಅಮ್ಮ "ಉಂಡಿಯಾ?" ಎಂದು ಕೇಳುತ್ತಿದ್ದರು. "ಇಲ್ಲ" ಎನ್ನುತ್ತಿದ್ದೆ. ಅಮ್ಮ ಗಂಜಿ ಬಡಿಸುತ್ತಿದ್ದರು.

ಮುಂದೆ ಈ ಚಾಳಿಯೇ ಹೊಟ್ಟೆಪಾಡಾಯಿತು. ಪತ್ರಿಕೆಗೆ ಸೇರುವ ಮೊದಲು ಮೂಡುಬಿದಿರೆಯ ಒಂದು ಪುಟ್ಟ ಮುದ್ರಣಾಲಯದಲ್ಲಿ ಕರಡು ತಿದ್ದುವವನಾಗಿದ್ದೆ. ಹೆಚ್ಚಿನವು ಮದುವೆಯ ಕಾಗದಗಳು. ಒಮ್ಮೆ ಶಿರ್ತಾಡಿ ಕಡೆಯ ಒಂದು ಮದುವೆಯ ಕಾಗದದಲ್ಲಿ "ಭೋಜನ: ಹನ್ನೆರಡೂವರೆಗೆ" ಎಂಬ ಸಾಲು ಬಿಟ್ಟುಹೋಯಿತು. ವಧುವಿನ ಸೋದರಮಾವ ಕಾಗದದ ಕಟ್ಟನ್ನು ಹೊತ್ತುಕೊಂಡು ಬಂದರು. "ಮದುಮಗನ ಹೆಸರು ತಪ್ಪಿದ್ರೂ ತೊಂದ್ರೆ ಇರ್ಲಿಲ್ಲ ಮಾರಾಯ, ಅವ ಹೇಗೂ ಬರ್ತಾನೆ. ಊಟ ಇಲ್ಲ ಅಂತ ಗೊತ್ತಾದ್ರೆ ಜನ ಬರ್ತಾರಾ?" ಎಂದು ಕೇಳಿದರು. ಎಂಟುನೂರು ಕಾಗದಗಳಲ್ಲಿ ಆ ಸಾಲನ್ನು ನಾನು ಕೈಯಿಂದ ಬರೆದೆ. ಅಂದಿನಿಂದ ಕೊನೆಯ ಸಾಲನ್ನು ಮೊದಲು ಓದುತ್ತೇನೆ.

ಪಾಸ್ತಾ ಪ್ಯಾಕೆಟ್‌ನ ಕೊನೆಯ ಸಾಲು ಹೀಗಿತ್ತು: ಮೇಲಿನ ಚಿತ್ರ ಬಡಿಸುವ ಸಲಹೆ ಮಾತ್ರ. ಚಿತ್ರದಲ್ಲಿ ದೊಣ್ಣೆಮೆಣಸು, ಟೊಮೆಟೊ, ಜೋಳ, ಬಟಾಣಿ, ಹೆಸರು ಗೊತ್ತಿಲ್ಲದ ಒಂದು ಎಲೆ, ಎಲ್ಲ ಸೇರಿ ಒಂದು ತರಕಾರಿ ಅಂಗಡಿಯೇ ಇತ್ತು. ಭೂತಗನ್ನಡಿ ಹಿಡಿದು ಗಟ್ಟಿಯಾಗಿ ಓದುತ್ತ ಮೇಲಕ್ಕೆ ಹೋದೆ. ಮಸಾಲೆಯಲ್ಲಿ ನೀರುಳ್ಳಿ, ಬೆಳ್ಳುಳ್ಳಿಯ ಪುಡಿ ಇತ್ತು. ನೂರು ಗ್ರಾಂಗೆ ಪ್ರೋಟೀನ್ ಹತ್ತು ಗ್ರಾಂ ಎಂದಿತ್ತು. ಪ್ಯಾಕೆಟ್‌ನಲ್ಲಿ ಇದ್ದದ್ದು ಅರವತ್ತೈದು ಗ್ರಾಂ. ಎಂದರೆ ಆರೂವರೆ. ಅದೇ ಜಾಗದಲ್ಲಿ ಸೋಡಿಯಂ ಸಾವಿರದ ಮೇಲಿತ್ತು, ಮಿಲಿಗ್ರಾಂ ಲೆಕ್ಕದಲ್ಲಿ. ಉಪ್ಪಿನ ವಿಷಯದಲ್ಲಿ ನನಗೆ ಸ್ವಂತ ಆಸಕ್ತಿಯೂ ಇತ್ತು. ನನಗೆ ರಕ್ತದೊತ್ತಡ ಉಂಟು. ಉಪ್ಪಿನಕಾಯಿ, ಹಪ್ಪಳ, ಒಣಮೀನು ಬಿಟ್ಟು ಎರಡು ವರ್ಷವಾಗಿದೆ.

"ನಿಲ್ಲು" ಎಂದೆ. ಸುಮತಿ ಒಲೆಯ ಮೇಲೆ ನೀರಿಟ್ಟಾಗಿತ್ತು.

"ಎಂತ ಆಯ್ತು?"

"ಇದರಲ್ಲಿ ಇರುವುದು ಉಪ್ಪು. ಪೋಷಕಾಂಶ ಎಂಬುದು ಹೆಸರಿಗೆ."

"ಮಾಮಿ ಎರಡು ತಿಂಗಳಲ್ಲಿ ಮೊದಲ ಸಲ ಒಂದು ತಿಂಡಿಯ ಹೆಸರು ಕೇಳಿದ್ದಾರೆ. ನಿಮಗೆ ಮಂಡೆ ಸಮ ಇಲ್ವಾ?"

ನಾನು ಪ್ಯಾಕೆಟ್ ಮತ್ತು ಕೊಡೆ ಹಿಡಿದು ಹೊರಟೆ. ವಿಷಯವನ್ನು ಎರಡನೆಯ ಮೂಲದಿಂದ ಖಚಿತಪಡಿಸಿಕೊಳ್ಳುವುದು ನಮ್ಮ ಕಸುಬಿನ ನಿಯಮ. ಆ ಮೂಲ ಹಮೀದಾಕನ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ. ಹಮೀದಾಕ ಇಪ್ಪತ್ತು ವರ್ಷ ದುಬೈಯ ಒಂದು ಸೂಪರ್ ಮಾರ್ಕೆಟ್‌ನಲ್ಲಿ ದುಡಿದು ಬಂದು ಪೇಟೆಯಲ್ಲಿ ಅಂಗಡಿ ಹಾಕಿದವರು. ಕಲ್ಲಡ್ಕಕ್ಕೆ ಪಾಸ್ತಾ ಬಂದದ್ದು ಅವರ ಜೊತೆಯಲ್ಲೇ ಎಂದು ಅವರು ಹೇಳುತ್ತಾರೆ. ಇದನ್ನು ಖಚಿತಪಡಿಸಿಕೊಳ್ಳಲು ನನಗೆ ಸಾಧ್ಯವಾಗಿಲ್ಲ.

ತಕ್ಕಡಿಯಲ್ಲಿ ಅರವತ್ತೈದು ಗ್ರಾಂ ಖಚಿತವಾದ ಮೇಲೆ ಗಲ್ಲೆಯ ಮೇಲೆ ಒಂದು ಹಾಳೆ ಹಾಸಿ ಪ್ಯಾಕೆಟ್ ಕತ್ತರಿಸಿದೆ. ಒಳಗೆ ಕೊಳವೆಗಳು ಮತ್ತು ಮಸಾಲೆಪುಡಿಯ ಒಂದು ಪುಟ್ಟ ಪೊಟ್ಟಣ.

"ಶೆಟ್ರೇ," ಎಂದರು ಹಮೀದಾಕ, "ಪೋಸ್ಟ್ ಮಾರ್ಟಂ ಮಾಡುದಾದ್ರೆ ಒಳಗೆ ಬನ್ನಿ. ಗಿರಾಕಿಗಳು ನೋಡ್ತಾರೆ."

ಮಸಾಲೆಯ ಪೊಟ್ಟಣ ಒಡೆದು ಹಾಳೆಯ ಮೇಲೆ ಸುರುವಿ, ಬೆರಳಿನಿಂದ ಬೇರ್ಪಡಿಸಿದೆ. ಒಣ ಬಟಾಣಿ ನಾಲ್ಕು. ಕ್ಯಾರೆಟ್ ಇರಬಹುದಾದ ಕೆಂಪು ಚೂರು ಏಳು. ಹಸಿರು ಬಣ್ಣದ್ದು ಎಂತದೋ, ಸ್ವಲ್ಪ.

"ಇದಾ ತರಕಾರಿ?"

"ವೆಜ್ ಅಂದ್ರೆ ಅದರಲ್ಲಿ ಕೋಳಿ ಇಲ್ಲ ಅಂತ ಅರ್ಥ ಶೆಟ್ರೇ. ತರಕಾರಿ ಬೇಕಾದ್ರೆ ಅಗೋ, ಎದುರಿನ ಅಂಗಡಿಯಲ್ಲಿ ಉಂಟು."

ಪುರಾವೆಯನ್ನು ಕಾಗದದಲ್ಲಿ ಕಟ್ಟಿಕೊಂಡು ಮನೆಗೆ ಬಂದು, ನಾಲ್ಕು ಬಟಾಣಿಗಳನ್ನು ಸುಮತಿಯ ಮುಂದಿಟ್ಟು, ಈ ಮನೆಯಲ್ಲಿ ಪಾಸ್ತಾ ಬೇಡ ಎಂದು ತಿಳಿಸಿದೆ. ಸುಮತಿ ಬಟಾಣಿಗಳನ್ನು ನೋಡಿದಳು, ನನ್ನನ್ನು ನೋಡಿದಳು, ನೀರಿಗೆ ಮಾಮೂಲಿ ರವೆ ಹಾಕಿದಳು. ಅಮ್ಮ ಅದನ್ನು ಎರಡು ಚಮಚ ತಿಂದರು. "ಕೊಳವೆದ್ದು ಎಂತ ಆಯಿತು?" ಎಂದು ಕೇಳಿದರು. ಅದರಲ್ಲಿ ಸತ್ವ ಇಲ್ಲ ಅಮ್ಮ ಎಂದೆ.

"ನನ್ನಲ್ಲಿಯೂ ಇಲ್ಲವಲ್ಲ" ಎಂದರು ಅಮ್ಮ.

ಜೂನ್ ಇಪ್ಪತ್ತಾರು: ಮೂವತ್ತೇಳು ಕಿಲೋ ಆರುನೂರು ಗ್ರಾಂ. ಕ್ಲಿನಿಕ್‌ನಲ್ಲಿ ಈ ಬಾರಿ ಯಾರೂ ನಗಲಿಲ್ಲ. ವೈದ್ಯೆ ಒಂದು ಚೀಟಿಯಲ್ಲಿ ಆಸ್ಪತ್ರೆಯ ಹೆಸರು ಬರೆದು, "ಇನ್ನು ಎರಡು ವಾರ ನೋಡುವ" ಎಂದು ನನ್ನ ಕೈಗೆ ಕೊಟ್ಟರು. ಮನೆಗೆ ಬಂದ ಮೇಲೆ ಅಮ್ಮ ಬೀಗದ ಕೈ ಗೊಂಚಲನ್ನು ಸೊಂಟದಿಂದ ಬಿಚ್ಚಿ ಸುಮತಿಯ ಮುಂದೆ ಇಟ್ಟರು. "ಮೇಲಿನದ್ದು ಕಪಾಟಿನದ್ದು, ಇದು ಅಕ್ಕಿ ಪೆಟ್ಟಿಗೆಯದ್ದು. ಮೂರನೆಯದ್ದು ಯಾವುದರದ್ದೆಂದು ನನಗೂ ಗೊತ್ತಿಲ್ಲ" ಎಂದರು. ಸುಮತಿ ಗೊಂಚಲನ್ನು ತೆಗೆದು ಮತ್ತೆ ಅವರ ಸೊಂಟಕ್ಕೇ ಸಿಕ್ಕಿಸಿದಳು. ನಾನು ಹೆಸರುಕಾಳಿನ ಪ್ರಮಾಣವನ್ನು ಹೆಚ್ಚಿಸುವಂತೆ ಹೇಳಿದೆ.

ಮುಂದಿನದು ದಾಖಲೆಯಲ್ಲಿರುವಂತೆ ಹೀಗಿದೆ. ಜುಲೈ ಹತ್ತು: ಮೂವತ್ತೆಂಟು ಕಿಲೋ ನಾನೂರು. ಜುಲೈ ಇಪ್ಪತ್ತನಾಲ್ಕು: ಮೂವತ್ತೊಂಬತ್ತು ಕಿಲೋ ಐನೂರು. ಆಗಸ್ಟ್ ಏಳು: ನಲವತ್ತು ಕಿಲೋ ಮುನ್ನೂರು. ವೈದ್ಯೆ ಯಂತ್ರವನ್ನು ಒಮ್ಮೆ ಅಲುಗಾಡಿಸಿ ನೋಡಿದರು, ತಾನೂ ಹತ್ತಿ ನೋಡಿದರು. "ಎಂತ ಕೊಡ್ತಿದ್ದೀರಿ?" ಎಂದು ಕೇಳಿದರು.

"ಹೆಸರುಕಾಳಿನ ಗಂಜಿ" ಎಂದೆ.

"ಎಷ್ಟು?"

"ಎರಡು ತುತ್ತು."

ವೈದ್ಯೆ ನನ್ನನ್ನೊಮ್ಮೆ ನೋಡಿದರು. ಆಮೇಲೆ ಅಂಕಿಯನ್ನು ಬರೆದುಕೊಂಡರು. ಅಮ್ಮ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಎಲ್ಲಿಯೋ ಸಂಶಯ ಬರಬೇಕಿತ್ತು. ಬೇರೆ ಯಾರಾದರೂ ಈ ವರದಿಯನ್ನು ನನ್ನ ಮೇಜಿಗೆ ತಂದಿದ್ದರೆ, ಎರಡು ತುತ್ತಿನಲ್ಲಿ ಎರಡೂ ಮುಕ್ಕಾಲು ಕಿಲೋ ಏರುವುದು ಹೇಗೆ ಮಾರಾಯ ಎಂದು ಕೇಳಿ ಹಿಂದಕ್ಕೆ ಕಳಿಸುತ್ತಿದ್ದೆ. ಆದರೆ ಡೈರಿಯಲ್ಲಿ ಪ್ರತಿ ಸಂಜೆಯ ನಮೂದೂ ಒಂದೇ ಇತ್ತು. ನಾನು ಆರು ಗಂಟೆಗೆ ವಾಚನಾಲಯದಿಂದ ಬರುತ್ತಿದ್ದೆ. ಅಲ್ಲಿ ದಿನವೂ ಮೂರರಿಂದ ಐದೂವರೆಯವರೆಗೆ ಎಲ್ಲ ಪತ್ರಿಕೆಗಳ ತಪ್ಪುಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕುವುದು ನನ್ನ ನಿವೃತ್ತಿಯ ಕಾರ್ಯಕ್ರಮ. ಬಂದವನೇ ಚಪ್ಪಲಿ ಬಿಡುವ ಮೊದಲು "ಅಮ್ಮ, ಇವತ್ತು ಉಂಡದ್ದು ಎಷ್ಟು?" ಎಂದು ಕೇಳುತ್ತಿದ್ದೆ.

"ಎಲ್ಲಿ ಉಂಡದ್ದು? ಮಧ್ಯಾಹ್ನ ಎರಡು ತುತ್ತು. ಮತ್ತೆ ಉಣ್ಣಲಿಲ್ಲ."

ಇದರಲ್ಲಿ ಸಂಶಯ ಪಡುವಂಥದ್ದು ನನಗೆ ಕಾಣಲಿಲ್ಲ. ಗಂಜಿಯ ಶಕ್ತಿ ಕಂಡಿತು. ಆಗಸ್ಟ್ ಎರಡನೆಯ ವಾರ ಹಳೆಯ ಪತ್ರಿಕೆಯ ಆರೋಗ್ಯ ಪುರವಣಿಗೆ ಒಂದು ಲೇಖನ ಬರೆದೆ. ಪ್ಯಾಕೆಟ್ ಪಾಸ್ತಾದ ಲೇಬಲ್ ಓದುವುದು ಹೇಗೆ, ನೂರು ಗ್ರಾಂ ಎಂದು ಬರೆದು ಅರವತ್ತೈದು ಕೊಡುವುದರ ಮರ್ಮವೇನು, ಚಿತ್ರದ ತರಕಾರಿಗೂ ಒಳಗಿನ ತರಕಾರಿಗೂ ಇರುವ ಸಂಬಂಧವೇನು ಎಂದೆಲ್ಲ ವಿವರಿಸಿ, ಕೊನೆಯ ಪ್ಯಾರಾದಲ್ಲಿ ಎಂಬತ್ತೊಂದು ವರ್ಷದ ನನ್ನ ತಾಯಿ ಅಂಥದ್ದನ್ನು ಮುಟ್ಟದೆ ಕೇವಲ ಹೆಸರುಕಾಳಿನ ಗಂಜಿಯಿಂದ ಚೇತರಿಸಿಕೊಂಡದ್ದನ್ನು ಅಂಕಿ ಸಮೇತ ದಾಖಲಿಸಿದೆ. ಲೇಖನ ಭಾನುವಾರ ಪ್ರಕಟವಾಯಿತು. ಅಮ್ಮನಿಗೆ ಓದಿ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. "ಲಾಯ್ಕ ಬರೆದಿದ್ದಿ" ಎಂದರು. ಒಳಗೆ ಸುಮತಿಯ ಕೈಯಿಂದ ಒಂದು ಪಾತ್ರೆ ಬಿತ್ತು.

ಮರುದಿನ ಹಮೀದಾಕನ ಅಂಗಡಿಗೆ ಬೆಂಕಿಪೆಟ್ಟಿಗೆಗೆಂದು ಹೋದೆ. ಲೇಖನದ ಹಾಳೆ ಗಲ್ಲೆಯ ಮೇಲೆಯೇ ಇತ್ತು.

"ಓದಿದೆ ಶೆಟ್ರೇ. ಭಾರೀ ಉಂಟು" ಎಂದರು. "ಆದ್ರೆ ಒಂದು ಸಂಶಯ. ಪಾಸ್ತಾ ಅಷ್ಟು ಹಾಳಾದ್ರೆ ನಿಮ್ಮ ಮನೆಗೆ ವಾರಕ್ಕೆ ಏಳು ಪ್ಯಾಕೆಟ್ ಯಾಕೆ ಹೋಗುದು?"

"ನಮ್ಮ ಮನೆಗಾ?"

ಹಮೀದಾಕ ಬಾಯಿ ಮುಚ್ಚಿಕೊಂಡರು. ಆಮೇಲೆ ತೆರೆದರು. "ನಾನು ಎಂತದೂ ಹೇಳಲಿಲ್ಲ. ಸುಮತಿಯಕ್ಕ ಕೇಳಿದ್ರೆ ನೀವೇ ಕಂಡುಹಿಡಿದದ್ದು ಅಂತ ಹೇಳಿ. ಇಲ್ಲದಿದ್ರೆ ನನಗೆ ಒಂದು ಗಿರಾಕಿ ಹೋಗ್ತದೆ."

ಅಂದು ನಾನು ವಾಚನಾಲಯಕ್ಕೆ ಹೋಗಲಿಲ್ಲ. ಹೋದವನಂತೆ ಹೊರಟು, ಬಸ್ಸು ನಿಲ್ದಾಣದಲ್ಲಿ ಒಂದು ಗಂಟೆ ಕೂತು, ನಾಲ್ಕು ಗಂಟೆಗೆ ಹಿಂದಿನ ಬಾಗಿಲಿನಿಂದ ಅಡಿಗೆಮನೆಯನ್ನು ಪ್ರವೇಶಿಸಿದೆ. ಅಡಿಗೆಮನೆಗೆ ಆ ಹೊತ್ತಿನಲ್ಲಿ ಹೋದದ್ದು ಎಷ್ಟು ವರ್ಷಗಳ ನಂತರ ಎಂಬುದಕ್ಕೆ ದಾಖಲೆ ಇಲ್ಲ.

ಅಮ್ಮ ಮಣೆಯ ಮೇಲೆ ಕೂತಿದ್ದರು. ಮುಂದೆ ದೊಡ್ಡ ಬಟ್ಟಲು. ಚಮಚ ಬಟ್ಟಲಿನಿಂದ ಬಾಯಿಗೆ, ಬಾಯಿಂದ ಬಟ್ಟಲಿಗೆ ಒಂದೇ ಲಯದಲ್ಲಿ ಹೋಗಿ ಬರುತ್ತಿತ್ತು. ನನ್ನನ್ನು ಕಂಡೂ ನಿಲ್ಲಲಿಲ್ಲ.

"ಅಮ್ಮ, ನೀವು ಉಣ್ಣುವುದಿಲ್ಲ ಎಂದು ದಿನಾ ಹೇಳಿದ್ದಲ್ಲವಾ?"

"ಹೌದು."

"ಮತ್ತೆ ಇದು?"

"ಇದು ಊಟವಾ?" ಅಮ್ಮ ನಿಜವಾಗಿಯೂ ಆಶ್ಚರ್ಯಪಟ್ಟರು. "ಇದರಲ್ಲಿ ಒಂದು ಅಗುಳು ಅಕ್ಕಿ ಉಂಟಾ ನೋಡು. ಇದು ತಿಂಡಿ. ಉಂಡದ್ದು ಎಷ್ಟು ಅಂತ ನೀನು ಕೇಳಿದಿ, ಎರಡು ತುತ್ತು ಅಂತ ನಾನು ಹೇಳಿದೆ. ತಿಂದದ್ದು ಎಷ್ಟು ಅಂತ ಕೇಳಲಿಲ್ಲ. ಶಾಲೆಯಲ್ಲಿ ಎರಡು ತಟ್ಟೆ ಸಜ್ಜಿಗೆ ತಿಂದು ಬಂದು ನೀನು ಉಂಡಿಲ್ಲ ಅಂತ ಹೇಳುತ್ತಿದ್ದದ್ದು ಸುಳ್ಳಾ ಹಾಗಾದರೆ?"

ನಮ್ಮ ಊರಿನಲ್ಲಿ ಕುಚ್ಚಲಕ್ಕಿ ಇಳಿಯದ ಹೊಟ್ಟೆ ಖಾಲಿ ಎಂದೇ ಲೆಕ್ಕ. ಹತ್ತು ದೋಸೆ ತಿಂದವನೂ ಒಂದು ಗಂಟೆಗೆ ಇನ್ನೂ ಊಟ ಆಗಲಿಲ್ಲ ಎಂದು ಗಡಿಬಿಡಿ ಮಾಡುತ್ತಾನೆ. ಇದು ಗೊತ್ತಿಲ್ಲದ ಪರವೂರಿನ ವರದಿಗಾರ ಏಮಾರಿದ್ದರೆ ಕ್ಷಮಿಸಬಹುದಿತ್ತು.

"ಬೈಯುವುದಾದ್ರೆ ನನಗೆ ಬೈಯಿರಿ" ಎಂದಳು ಸುಮತಿ. "ಮಾಮಿ ಬೀಗದ ಕೈ ಬಿಚ್ಚಿ ಇಟ್ಟ ದಿನ ನನಗೆ ತಡೆಯಲಿಕ್ಕೆ ಆಗಲಿಲ್ಲ. ಆ ಸಂಜೆಯೇ ಮಾಡಿ ಕೊಟ್ಟೆ. ಬಟ್ಟಲು ಖಾಲಿ ಮಾಡಿ, ನಾಳೆಯೂ ಇದೆಯಾ ಅಂತ ಕೇಳಿದ್ರು."

"ಡಾಕ್ಟ್ರಮ್ಮ ಮೂಗಿಗೆ ಹಾಕುವ ಪೈಪಿಗಿಂತ ಇದು ಒಳ್ಳೆಯದು" ಎಂದರು ಅಮ್ಮ, ಒಂದು ಕೊಳವೆಯನ್ನು ಚಮಚದಲ್ಲಿ ಎತ್ತಿ ತೋರಿಸಿ. "ತಾನಾಗಿ ಇಳಿಯುತ್ತದೆ."

"ಆದರೆ ಅದರ ಉಪ್ಪು?" ಎಂದೆ. ಲೇಖನ ಬರೆದವನಿಗೆ ಇನ್ನೂ ಒಂದು ಹಿಡಿತ ಬೇಕಿತ್ತು. "ಸಾವಿರ ಮಿಲಿಗ್ರಾಂ!"

ಸುಮತಿ ಬಟ್ಟಲನ್ನು ನನ್ನ ಮುಂದೆ ಹಿಡಿದಳು. ಈ ಎರಡು ತಿಂಗಳಲ್ಲಿ ನಾನು ಮೊದಲ ಬಾರಿ ಅದರ ಒಳಗೆ ನೋಡಿದೆ. ಕೊಳವೆಗಳು ಇದ್ದವು. ಅವುಗಳ ನಡುವೆ ಬೆಂದು ಕರಗಿದ ಹೆಸರುಬೇಳೆ, ಒಂದು ಹಿಡಿ ನುಗ್ಗೆಸೊಪ್ಪು, ತೆಂಗಿನಕಾಯಿಯ ಹಾಲು. ಮೇಲೆ ಜೀರಿಗೆಯ ಒಗ್ಗರಣೆ, ತುಪ್ಪ. ಪ್ಯಾಕೆಟ್‌ನ ಚಿತ್ರದಲ್ಲಿದ್ದ ಯಾವುದೂ ಅದರಲ್ಲಿ ಇರಲಿಲ್ಲ. ಕೊಳವೆಯೊಂದನ್ನು ಬಿಟ್ಟರೆ ಪ್ಯಾಕೆಟ್‌ನದ್ದೇ ಏನೂ ಇರಲಿಲ್ಲ.

"ಮಸಾಲೆ?"

"ಅದರಲ್ಲಿ ನೀರುಳ್ಳಿ, ಬೆಳ್ಳುಳ್ಳಿ ಉಂಟಂತೆ, ನೀವೇ ಓದಿ ಹೇಳಿದ್ದಲ್ವಾ? ಸೋಮವಾರಕ್ಕೆ ಆಗುದಿಲ್ಲ ಅಂತ ತೆಗೆದಿಟ್ಟೆ. ಮತ್ತೆ ಮಾಮಿಗೆ ಅದಿಲ್ಲದೆಯೇ ರುಚಿ ಹಿಡಿಯಿತು."

ಲೇಬಲ್‌ನಲ್ಲಿ ಬರೆದದ್ದು ಸುಳ್ಳಾಗಿರಲಿಲ್ಲ. ನಾನು ಮಾಡಿದ ಗುಣಾಕಾರವೂ ಸರಿ ಇತ್ತು. ಪ್ಯಾಕೆಟ್‌ನ ಬಗ್ಗೆ ಲೇಖನ ಬರೆದ ನಾನು ಎರಡು ತಿಂಗಳಲ್ಲಿ ಬಟ್ಟಲಿನ ಹತ್ತಿರ ಒಮ್ಮೆಯೂ ಹೋಗಿರಲಿಲ್ಲ. ಸ್ಥಳಕ್ಕೆ ಹೋಗದೆ ಪ್ರಕಟಣೆ ನೋಡಿ ಸುದ್ದಿ ಬರೆದ ಎಂದು ನಾನು ಎಷ್ಟು ಹುಡುಗರ ಪ್ರತಿಗಳನ್ನು ಅವರ ಕಣ್ಣೆದುರೇ ಹರಿದಿದ್ದೇನೋ. ಘಟನಾಸ್ಥಳ ನನ್ನ ಕುರ್ಚಿಯಿಂದ ಹದಿನಾಲ್ಕು ಹೆಜ್ಜೆ ದೂರದಲ್ಲಿತ್ತು. ಆಮೇಲೆ ಅಳೆದು ನೋಡಿದೆ.

"ತೆಗೆದಿಟ್ಟೆ ಎಂದಿಯಲ್ಲ, ಎಲ್ಲಿ?" ಎಂದು ಕೇಳಿದೆ. ಆ ಪ್ರಶ್ನೆಯನ್ನು ಕೇಳದಿದ್ದರೆ ಒಳ್ಳೆಯದಿತ್ತು.

ಸುಮತಿ ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ತೆಗೆದಳು. ನಮ್ಮ ಮನೆಯಲ್ಲಿ ಯಾವ ವಸ್ತುವನ್ನೂ ಬಿಸಾಡುವ ಪದ್ಧತಿ ಇಲ್ಲ. ಹಾಲಿನ ತೊಟ್ಟೆ ತೊಳೆದು ಒಣಗುತ್ತದೆ, ಸ್ವೀಟಿನ ಪೆಟ್ಟಿಗೆಯ ದಾರ ಉಂಡೆಯಾಗುತ್ತದೆ. ಡಬ್ಬಿಯಲ್ಲಿ ಮಸಾಲೆಯ ಪೊಟ್ಟಣಗಳನ್ನು ಒತ್ತಾಗಿ ಜೋಡಿಸಿಟ್ಟಿದ್ದಳು. ಎಣಿಸಿದೆ. ಹದಿನೆಂಟು. ಅಮ್ಮನಿಗೆ ಪಾಸ್ತಾ ಶುರುವಾಗಿ ಐವತ್ತು ದಿನ ದಾಟಿತ್ತು, ದಿನಕ್ಕೊಂದು ಪ್ಯಾಕೆಟ್. ಲೆಕ್ಕ ಹೊಂದಲಿಲ್ಲ.

"ಉಳಿದದ್ದು?"

ಸುಮತಿ ಅಮ್ಮನ ಮುಖ ನೋಡಿದಳು. ಅಮ್ಮ ಬಟ್ಟಲಿನ ತಳವನ್ನು ಚಮಚದಿಂದ ಕೆರೆಯುತ್ತಿದ್ದರು.

"ಹೇಳಿಬಿಡು" ಎಂದರು.

"ಬಿಸಾಡಲಿಕ್ಕೆ ಮನಸ್ಸು ಬರಲಿಲ್ಲ" ಎಂದಳು ಸುಮತಿ. "ನಿಮ್ಮ ಬೆಂಡೆ ಪಲ್ಯಕ್ಕೆ ಸ್ವಲ್ಪ ಹಾಕಿದೆ. ಕಡಲೆ ಪಲ್ಯಕ್ಕೆ. ತೊಂಡೆಕಾಯಿಗೆ. ನೀವೇ ಹೇಳಿದ್ರಲ್ಲ, ಈಗ ಈಗ ಪಲ್ಯಕ್ಕೆ ಒಂದು ರುಚಿ ಬಂದಿದೆ ಅಂತ."

ಹೇಳಿದ್ದು ನಿಜ. ಡೈರಿಯಲ್ಲಿಯೂ ಇದೆ. "ಜುಲೈ ಹದಿನೆಂಟು. ಬೆಂಡೆ ಪಲ್ಯ ಅತ್ಯುತ್ತಮ. ಉಪ್ಪು ಕಡಿಮೆ ಮಾಡಿದರೆ ತರಕಾರಿಯ ನಿಜವಾದ ರುಚಿ ಗೊತ್ತಾಗುತ್ತದೆ ಎಂಬುದಕ್ಕೆ ನಿದರ್ಶನ."

ಅಂದೇ ಕೂತು ಪತ್ರಿಕೆಗೆ ಒಂದು ತಿದ್ದುಪಡಿ ಬರೆದೆ. ಮೊದಲ ಕರಡು ಒಂದೂವರೆ ಪುಟ ಆಯಿತು. ಅದರಲ್ಲಿ ಕೊಳವೆ, ಬೇಳೆ, ಸೊಪ್ಪು, ಒಪ್ಪೊತ್ತು, ಡಬ್ಬಿ ಎಲ್ಲ ಇದ್ದವು. ಹೊಡೆದು ಹಾಕಿದೆ. ಎರಡನೆಯದು: "ಇದೇ ಪುರವಣಿಯಲ್ಲಿ ಪ್ರಕಟವಾದ ಲೇಖನದಲ್ಲಿ ಲೇಖಕರ ತಾಯಿ ಹೆಸರುಕಾಳಿನ ಗಂಜಿಯಿಂದ ಚೇತರಿಸಿಕೊಂಡರು ಎಂದಿರುವುದನ್ನು, ಹೆಸರುಬೇಳೆ, ನುಗ್ಗೆಸೊಪ್ಪು, ತೆಂಗಿನ ಹಾಲು ಮತ್ತು ತುಪ್ಪ ಸೇರಿಸಿದ, ಮಸಾಲೆ ಸೇರಿಸದ, ಪ್ಯಾಕೆಟ್ ಪಾಸ್ತಾದಿಂದ ಎಂದು ಓದಿಕೊಳ್ಳಬೇಕು." ಕಳಿಸಿದೆ. ಡೆಸ್ಕಿನಲ್ಲಿ ಈಗ ಇರುವಾಕೆ ನಾನು ಪಳಗಿಸಿದವಳೇ. ಫೋನ್ ಮಾಡಿ, "ಸರ್, ಇದನ್ನು ನೀವೇ ಕಣ್ಣಾರೆ ನೋಡಿದ್ದೀರಾ?" ಎಂದು ಕೇಳಿದಳು. ಈ ಬಾರಿ ಹೌದು ಎಂದೆ.

ತಿದ್ದುಪಡಿ ಮುಂದಿನ ಭಾನುವಾರ ಒಳಪುಟದಲ್ಲಿ, ಜಾಹೀರಾತಿನ ಕೆಳಗೆ ಬಂತು. ಹಮೀದಾಕ ಅದನ್ನು ಕತ್ತರಿಸಿ ಪಾಸ್ತಾ ಜೋಡಿಸಿದ ಶೆಲ್ಫಿನ ಮೇಲೆ ಅಂಟಿಸಿದ್ದಾರೆ. "ಮಸಾಲೆ ಸೇರಿಸದ" ಎಂಬ ಎರಡು ಪದಗಳ ಮೇಲೆ ಬೆಲೆಯ ಚೀಟಿ ಬಂದಿದೆ. ಅದು ಆಕಸ್ಮಿಕ ಎಂದು ಅವರು ಹೇಳುತ್ತಾರೆ.

ಸೆಪ್ಟೆಂಬರ್ ನಾಲ್ಕರಂದು ಬೆಳಿಗ್ಗೆ ಹತ್ತೂವರೆಗೆ ಅಮ್ಮನನ್ನು ಅದೇ ಕ್ಲಿನಿಕ್‌ನಲ್ಲಿ ತೂಕ ಮಾಡಲಾಯಿತು. ನಲವತ್ತೊಂದು ಕಿಲೋ ಏಳುನೂರು ಗ್ರಾಂ. ಬೀಗದ ಕೈ ಗೊಂಚಲನ್ನು ಅಮ್ಮ ತಾವಾಗಿಯೇ ಬಿಚ್ಚಿ ನನ್ನ ಕೈಗೆ ಕೊಟ್ಟು ಯಂತ್ರ ಹತ್ತಿದ್ದರು. ವೈದ್ಯೆ ಆಸ್ಪತ್ರೆಯ ಹೆಸರು ಬರೆದಿದ್ದ ಚೀಟಿಯನ್ನು ನನ್ನಿಂದ ವಾಪಸು ಕೇಳಿ ಪಡೆದು ಹರಿದರು. ಬಂದದ್ದು ಬಂದಿರಿ, ನಿಮ್ಮದನ್ನೂ ನೋಡುವ ಎಂದು ನನ್ನ ತೋಳಿಗೆ ಪಟ್ಟಿ ಸುತ್ತಿದರು. ನೂರ ಐವತ್ತೆಂಟು, ತೊಂಬತ್ತಾರು. ಉಪ್ಪು ಪೂರ್ತಿ ಬಿಡಬೇಕು ಎಂದು ಬರೆದುಕೊಟ್ಟರು. ರಿಕ್ಷಾದಲ್ಲಿ ಅಮ್ಮ ಆ ಚೀಟಿಯನ್ನು ನನ್ನಿಂದ ಎರಡು ಸಲ ಓದಿಸಿದರು.

ಆ ದಿನದ ನಮೂದು ಡೈರಿಯಲ್ಲಿ ಹೀಗಿದೆ. "ಸಂಜೆ ನಾಲ್ಕು ಗಂಟೆ, ಅಡಿಗೆಮನೆ. ಅಮ್ಮ: ಊಟ ಇಲ್ಲ. ನಾನು: ಊಟ ಇಲ್ಲ. ಪಾಸ್ತಾ: ಮೂರು ಬಟ್ಟಲು. ಮೂಲ: ಸ್ವತಃ."